ಉಳಿಕೆ ಎಲ್ಲಿಗೆ ಹೋಗುತ್ತದೆ? ಪಣಂಬೂರು-ಬೈಕಂಪಾಡಿ ಕಾರ್ಖಾನೆಗಳ ಹಸಿರು ದಾರಿಯ ಹಿನ್ನೆಲೆ

ಮಂಗಳೂರಿನ ಭಾರೀ ಕೈಗಾರಿಕೆಗಳ ಬಗ್ಗೆ ಈಗ ಎರಡು ಥರದ ಸುದ್ದಿ ಬರುತ್ತದೆ. ಒಂದರಲ್ಲಿ ಹಸಿರು ಹೈಡ್ರೋಜನ್ (ಸೂರ್ಯ, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವ ಹೈಡ್ರೋಜನ್), ಸೋಲಾರ್, ನೀರಿನ ಮರುಬಳಕೆ. ಇನ್ನೊಂದರಲ್ಲಿ ಕಾರ್ಖಾನೆ ಪಕ್ಕದ ಜೋಕಟ್ಟೆಯ ವಾಸನೆ, ಫಲ್ಗುಣಿ ಹೊಳೆಯ ನೀರು ಕೆಟ್ಟ ದೂರು, ಬಾವಿ ಹಾಳಾದ ದೂರು. ಎರಡೂ ಒಂದೇ ಊರಿನ ಸುದ್ದಿ, ಎರಡನ್ನೂ ಸುಳ್ಳು ಅನ್ನುವ ಹಾಗಿಲ್ಲ. ಇಷ್ಟು ಗೋಜಲು ಹೇಗಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆ ದಡದ ಜೇಡಿಮಣ್ಣು, ಕಾಡಿನ ಕಟ್ಟಿಗೆ. ಹಂಚು ಹಡಗು ಹತ್ತಿ ಹೋಯಿತು, ಮಣ್ಣು ತೆಗೆದ ಹೊಂಡ ಇಲ್ಲೇ ಉಳಿಯಿತು. ಮತ್ತೆ ನೂರು ವರ್ಷ ದಾಟಿ 1974ರಲ್ಲಿ ಪಣಂಬೂರು ಬಂದರು ದೇಶದ ದೊಡ್ಡ ಬಂದರುಗಳ ಪಟ್ಟಿ ಸೇರಿತು. 1976ರಲ್ಲಿ ರಸಗೊಬ್ಬರ, ಅದರ ಹಿಂದೆಯೇ ಕುದುರೆಮುಖದ ಅದಿರು, 1996ರಲ್ಲಿ ತೈಲ ಶುದ್ಧೀಕರಣ, 2010ರಲ್ಲಿ ಉಡುಪಿಯ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್. ಕೆಲಸ ಬಂತು, ರಸ್ತೆ ಬಂತು, ಸುತ್ತಲಿನ ಹಳ್ಳಿಗಳ ಜಾಗ ಹೋಯಿತು.

ಕುದುರೆಮುಖದ ಕಥೆಯನ್ನು ಸರಿಯಾಗಿ ನೋಡಿದರೆ ಉಳಿದದ್ದೆಲ್ಲ ಅರ್ಥ ಮಾಡಿಕೊಳ್ಳುವುದು ಸುಲಭ. ಘಟ್ಟದ ಮೇಲೆ ಅದಿರನ್ನು ಹಿಟ್ಟಿನ ಹಾಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಲಾರಿ ಬೇಡ, ರೈಲು ಬೇಡ. ತಂತ್ರಜ್ಞಾನದ ಕಣ್ಣಿನಲ್ಲಿ ಅದು ನಿಜಕ್ಕೂ ಚಂದದ ಕೆಲಸ. ಇನ್ನೊಂದು ವಿಷಯವೂ ಇತ್ತು: ಅದು ಮ್ಯಾಗ್ನಟೈಟ್ ಅದಿರು. ಉಂಡೆ ಕಟ್ಟಿ ಸುಡುವಾಗ ಅದು ಆಮ್ಲಜನಕ ಹೀರಿಕೊಂಡು ತಾನೇ ಶಾಖ ಬಿಡುತ್ತದೆ, ಹಾಗಾಗಿ ಇಂಧನ ಕಡಿಮೆ ಸಾಕು. ಆದರೆ ಆ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಕಬ್ಬಿಣ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ ಲಕ್ಯಾ ಅಣೆಕಟ್ಟಿನ ಹಿಂದೆ ಕೂತಿತು, ಹೂಳು ಭದ್ರಾ ನದಿಗೆ ಇಳಿಯುತ್ತಿದೆ ಅಂತ ಕೂಗು ಎದ್ದಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿ ಅಂತ ಹೇಳಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು ಉಳಿಯಿತು, ಅದು ದೊಡ್ಡ ಮಾತು. ಆದರೆ ಆಮೇಲೆ ಪಣಂಬೂರಿನ ಉಂಡೆ ಕಾರ್ಖಾನೆಗೆ ದೂರದ ಗಣಿಗಳಿಂದ ಹೆಮಟೈಟ್ ಅದಿರು ಬರತೊಡಗಿತು. ಅದು ತಾನಾಗಿ ಶಾಖ ಕೊಡುವುದಿಲ್ಲ, ಟನ್ನಿಗೆ ಇಂಧನ ಜಾಸ್ತಿ ಬೇಕು, ಸಾಗಾಟ ಬೇರೆ. ಒಂದು ಕಡೆ ಹಗುರವಾದ ಭಾರ ಇನ್ನೊಂದು ಕಡೆ ಕೂತಿತು. ಈ ಲೆಕ್ಕವನ್ನು ಆಗ ಯಾರೂ ಊರಿನವರ ಮುಂದೆ ಇಡಲಿಲ್ಲ.

ರಸಗೊಬ್ಬರದ ವಿಷಯ ಸ್ವಲ್ಪ ಬೇರೆ, ಮತ್ತೆ ಅಲ್ಲಿ ನಿಜವಾದ ಸುಧಾರಣೆ ಆಗಿದೆ. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಇಲ್ಲಿ ಆ ಹೈಡ್ರೋಜನ್ ಕಚ್ಚಾ ತೈಲದಿಂದ ತೆಗೆಯುವ ನಾಫ್ತಾದಿಂದ ಬರುತ್ತಿತ್ತು. ನೈಸರ್ಗಿಕ ಅನಿಲದಲ್ಲಿ ಕಾರ್ಬನ್ನಿಗೆ ಹೋಲಿಸಿದರೆ ಹೈಡ್ರೋಜನ್ ಜಾಸ್ತಿ, ಹಾಗಾಗಿ ಅದೇ ಗೊಬ್ಬರಕ್ಕೆ ಹೊಗೆ ಕಡಿಮೆ, ಖರ್ಚೂ ಕಡಿಮೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಪೈಪ್ ಇಲ್ಲದೆ ಅನಿಲ ಬರುವುದು ಹೇಗೆ? ನಾಫ್ತಾ ದುಬಾರಿ, ಸಬ್ಸಿಡಿ ಹೊರೆ ಜಾಸ್ತಿ, ನಾಫ್ತಾ ಬಿಡುವ ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆ ವರ್ಷಗಟ್ಟಲೆ ಎಳೆದು ಕೊನೆಗೆ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು, ನಾಫ್ತಾದ ಜಾಗಕ್ಕೆ ಅನಿಲ ಬಂತು.

ಈಗ ನೀರು. ನನ್ನ ಪ್ರಕಾರ ಈ ಊರಿನ ಕಾರ್ಖಾನೆಗಳಿಗೆ ನಿಜವಾಗಿ ಪಾಠ ಕಲಿಸಿದ್ದು ನೇತ್ರಾವತಿ. 2016ರ ಬೇಸಿಗೆಯಲ್ಲಿ ತುಂಬೆ ಕಿಂಡಿ ಅಣೆಕಟ್ಟು ತಳ ಕಂಡಿತು. ನಗರಕ್ಕೆ ಪಾಳಿಯ ಮೇಲೆ ನೀರು, ರಿಫೈನರಿಯ ಕೆಲವು ಘಟಕಗಳೂ ನೀರಿಲ್ಲದೆ ನಿಂತವು. ತಂಪು ಮಾಡುವ ಗೋಪುರಗಳಲ್ಲಿ ನೀರು ಆವಿಯಾಗಿ ಹೋಗುತ್ತದೆ, ಬಾಯ್ಲರಿನಲ್ಲಿ ನೀರು ಕಾಯಿಸಿ ಉಗಿ ಮಾಡಬೇಕು, ಅದಕ್ಕೆ ದಿನವೂ ಹೊಸ ನೀರು ಬೇಕೇ ಬೇಕು. ನಗರದ ಒಳಚರಂಡಿ ನೀರನ್ನು ಶುದ್ಧ ಮಾಡಿ ಕೈಗಾರಿಕೆಗೆ ಕೊಡುವುದು ಮುಖ್ಯವಾದದ್ದು ಇಂಥ ಬೇಸಿಗೆಗಳಿಂದಲೇ. ಕಾವೂರಿನ ಒಳಚರಂಡಿ ನೀರು ಆ ದಾರಿ ಹಿಡಿಯಿತು. ಮನೆಯ ಬಚ್ಚಲಿನ ನೀರು ಗೋಪುರ ತಂಪು ಮಾಡಿದರೆ ಹೊಳೆಯ ನೀರು ಕುಡಿಯುವುದಕ್ಕೆ ಉಳಿಯುತ್ತದೆ. ಇಡೀ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಡುವುದು ಇದೇ, ಇದನ್ನು ಇನ್ನೂ ಎಷ್ಟೋ ಹೆಚ್ಚು ಮಾಡಬಹುದು.

ಇದರ ಜೊತೆಗೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೂ ಬಂತು, ಸಾಮರ್ಥ್ಯ ದಿನಕ್ಕೆ 3 ಕೋಟಿ ಲೀಟರ್. ಉಪ್ಪುನೀರನ್ನು ಭಾರೀ ಒತ್ತಡದಲ್ಲಿ ಪೊರೆಯ ಮೂಲಕ ತಳ್ಳಬೇಕು. ಸಾಮಾನ್ಯವಾಗಿ ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ಕರೆಂಟ್ ಬೇಕಾಗುತ್ತದೆ. ಪೂರ್ತಿ ನಡೆಸಿದರೆ ದಿನಕ್ಕೆ ಸುಮಾರು 1 ಲಕ್ಷ ಯೂನಿಟ್ ಆಯಿತು. ಆ ಕರೆಂಟ್ ಕಲ್ಲಿದ್ದಲಿನಿಂದ ಬಂದರೆ ನದಿಯ ಉಳಿತಾಯ ಬೂದಿಯಾಗಿ ಇನ್ನೊಂದೂರಿಗೆ ಹೋಗುತ್ತದೆ. ಸಿಹಿನೀರು ತೆಗೆದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರು ಮತ್ತೆ ಸಮುದ್ರಕ್ಕೇ. ಅದು ಎಲ್ಲಿ, ಎಷ್ಟು ಆಳದಲ್ಲಿ ಸೇರುತ್ತದೆ ಅಂತ ಕೇಳುವ ಹಕ್ಕು ಅಲ್ಲಿ ಬಲೆ ಹಾಕುವವರಿಗೆ ಇದೆ, ಅಲ್ವಾ?

ಗಂಧಕದ ವಿಷಯವಂತೂ ಜಾಸ್ತಿ ಜನರಿಗೆ ಗೊತ್ತೇ ಇಲ್ಲ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್-6 ಅನ್ನುವ ಹೊಗೆ ನಿಯಮಕ್ಕೆ ಹೊಂದುವ ಪೆಟ್ರೋಲ್, ಡೀಸೆಲ್. ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಭಾಗ) 10ಕ್ಕೆ ಇಳಿಯಿತು. ಬೆಂಗಳೂರಿನ ಬಸ್ಸಿನ ಹೊಗೆಯ ಕೆಡುಕು ಕಡಿಮೆಯಾಯಿತು, ಒಳ್ಳೆಯದೇ. ಆದರೆ ತೆಗೆದ ಗಂಧಕ ಮಾಯ ಆಗುವುದಿಲ್ಲ, ಶುದ್ಧ ಮಾಡುವ ಜಾಗದಲ್ಲೇ ಹಳದಿ ರಾಶಿಯಾಗಿ ಬೀಳುತ್ತದೆ. ಹಾಗೆಯೇ ಕಚ್ಚಾ ತೈಲದ ತಳದ ಡಾಂಬರಿನಂಥ ಉಳಿಕೆಯನ್ನು ಮತ್ತೆ ಕಾಯಿಸಿ ಡೀಸೆಲ್ ಹಿಂಡಿದರೆ ಒಂದು ಹನಿಯೂ ವ್ಯರ್ಥ ಇಲ್ಲ ಅಂತ ಕಾರ್ಖಾನೆಯ ವರದಿಯಲ್ಲಿ ಬರೆಯಬಹುದು. ಕೊನೆಗೆ ಇದ್ದಿಲಿನಂಥ ಕಪ್ಪು ಕೋಕ್ ಉಳಿಯುತ್ತದೆ. ಅದರ ಪುಡಿ ಅಂಗಳದ ಬಟ್ಟೆಯ ಮೇಲೆ, ಬಾವಿಯ ನೀರಿನ ಮೇಲೆ ಕೂರುತ್ತದೆ ಅಂತ ಜೋಕಟ್ಟೆ, ಕಳವಾರಿನವರು ವರ್ಷಗಟ್ಟಲೆ ಬೀದಿಗಿಳಿದರು. 2016ರಲ್ಲಿ ಸರ್ಕಾರವೇ 27 ಎಕರೆಯ ಹಸಿರು ಪಟ್ಟಿ ಆಗಬೇಕು ಅಂತ ಆದೇಶ ಮಾಡಿತು, ಮತ್ತೆ ಅದಕ್ಕೂ ಜನ ವರ್ಷಗಟ್ಟಲೆ ಕಾಯಬೇಕಾಯಿತು. ಎಲ್ಲೂರಿನ ಕಡೆಯೂ ಇದೇ ಧಾಟಿ. ಅಲ್ಲಿ ಹಾರುಬೂದಿ ಮತ್ತು ಉಪ್ಪುನೀರಿನ ಚಿಂತೆ, ಮಲ್ಲಿಗೆ ಮತ್ತು ಮಟ್ಟುಗುಳ್ಳ ಬದನೆ ಬೆಳೆಯುವವರ ಚಿಂತೆ.

ಹೀಗೆ ಕೇಳಿದವರನ್ನು ಸುಮ್ನೆ ಅಭಿವೃದ್ಧಿ ವಿರೋಧಿಗಳು ಅಂತ ಬದಿಗೆ ತಳ್ಳುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಆದರೆ ಇಲ್ಲಿ ಆದ ಬದಲಾವಣೆಗಳನ್ನು ಒಂದೊಂದಾಗಿ ನೋಡಿ. ಕೋರ್ಟ್ ಹೇಳಿದ ಮೇಲೆ, ನಾಫ್ತಾ ದುಬಾರಿಯಾದ ಮೇಲೆ, ಹೊಳೆ ಬತ್ತಿದ ಮೇಲೆ, ಜನ ರಸ್ತೆಗೆ ಬಂದ ಮೇಲೆ. ಒತ್ತಡ ಇಲ್ಲದೆ ಬಂದದ್ದು ತುಂಬ ಕಡಿಮೆ.

ಮುಂದಿನ ಸುತ್ತು ಹಸಿರು ಹೈಡ್ರೋಜನ್‌ನದು. ಗಂಧಕ ತೆಗೆಯುವುದಕ್ಕೂ ಗೊಬ್ಬರಕ್ಕೂ ಹೈಡ್ರೋಜನ್ ಬೇಕು, ಹಾಗಾಗಿ ಈ ಊರಿಗೆ ಅದು ಹೊಂದುತ್ತದೆ. ಒಂದು ಕೆಜಿ ಹೈಡ್ರೋಜನ್‌ಗೆ ಕಡಿಮೆ ಅಂದರೂ 9 ಲೀಟರ್ ಶುದ್ಧ ನೀರು, 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಅಡಿಗಲ್ಲು ಹಾಕುವ ಮೊದಲೇ ಆ ನೀರು ಎಲ್ಲಿಯದು, ಕರೆಂಟ್ ಎಲ್ಲಿಯದು, ಉಳಿಕೆ ಯಾವ ಊರಿಗೆ ಅಂತ ಕಾಗದದ ಮೇಲೆ ಬರಲಿ. ಜೊತೆಗೆ ಜೋಕಟ್ಟೆ, ಕಳವಾರು, ಕುತ್ತೆತ್ತೂರು, ಎಲ್ಲೂರಿನ ಬಾವಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳು ತಿಂಗಳು ಕನ್ನಡದಲ್ಲಿ ಪಂಚಾಯತ್ ಕಚೇರಿಯ ಬೋರ್ಡಿಗೆ ಅಂಟಿಸಲಿ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ.