ಆಧಾರ: ಗೂಗಲ್?

ಏಳನೇ ತರಗತಿಯ ಪ್ರಾಜೆಕ್ಟ್ ಪುಸ್ತಕದ ಕೊನೆಯ ಪುಟದಲ್ಲಿ ಆಗಾಗ ಕಾಣುವ ಸಾಲು: ‘ಆಧಾರ: ಗೂಗಲ್’. ಕಾಗದ ಬರೆದವರು ಯಾರು ಅಂದರೆ ಅಂಚೆಯಣ್ಣನ ಹೆಸರು ಹೇಳಿದ ಹಾಗಾಯಿತು ಇದು. ಮಕ್ಕಳನ್ನು ಬೈದು ಉಪಯೋಗವಿಲ್ಲ. ನಾವು ಹೇಳಿಕೊಟ್ಟಿದ್ದೇ ಅಷ್ಟು. ಜೊತೆಗೆ ಇನ್ನೊಂದು ತಪ್ಪು ಪಾಠ ಬೇರೆ: ‘ಮೂರು ವೆಬ್‌ಸೈಟಿನಲ್ಲಿ ಒಂದೇ ಮಾತಿದ್ದರೆ ಅದು ನಿಜ’.

ದಕ್ಷಿಣ ಅಮೆರಿಕದಲ್ಲಿ ಕೊವಾಟಿ ಎಂಬ ಪ್ರಾಣಿಯಿದೆ, ರಕೂನ್ ಕುಟುಂಬದ್ದು. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೆ ‘ಬ್ರೆಜಿಲಿಯನ್ ಆರ್ಡ್‌ವಾರ್ಕ್’ ಎಂಬ ಹೆಸರೂ ಇದೆಯೆಂದು ತಮಾಷೆಗೆ ಸೇರಿಸಿದ. ನಿಜವಾದ ಆರ್ಡ್‌ವಾರ್ಕ್ ಇರುವುದು ಆಫ್ರಿಕದಲ್ಲಿ; ಎರಡಕ್ಕೂ ನಂಟಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು, ವಿಶ್ವವಿದ್ಯಾಲಯವೊಂದರ ಪ್ರಕಟಣೆಗೂ ಅದು ನುಸುಳಿತು. ಕೊನೆಗೆ ವಿಕಿಪೀಡಿಯದಲ್ಲಿ ಆ ಸಾಲಿಗೆ ಪತ್ರಿಕೆಯ ವರದಿಯೇ ಆಧಾರವಾಗಿ ಕೂತಿತು! 2014ರಲ್ಲಿ ನ್ಯೂಯಾರ್ಕರ್ ಪತ್ರಿಕೆ ಈ ಕತೆಯನ್ನು ಬಿಚ್ಚಿಟ್ಟಿತು.

ಹತ್ತು ಮನೆಯ ನಲ್ಲಿ ನೀರು ಒಂದೇ ರುಚಿ ಎಂದರೆ ನೀರು ಶುದ್ಧ ಎಂದಲ್ಲ, ಟ್ಯಾಂಕು ಒಂದೇ ಎಂದು. ಬಾವಿಯಲ್ಲಿ ಕೂಗಿ ಮಾರ್ದನಿ ಕೇಳಿದವನು ‘ಒಳಗೂ ಒಬ್ಬ ಹೌದು ಅಂತಿದ್ದಾನೆ’ ಅಂದುಕೊಂಡರೆ ಹೇಗೆ? ಎಣಿಸಬೇಕಾದ್ದು ಪುಟಗಳನ್ನಲ್ಲ, ಸಾಕ್ಷಿಗಳನ್ನು.

ಮಕ್ಕಳಿಂದ ಇದನ್ನು ಮಾಡಿಸುವುದು ಸುಲಭ. ಅನುಮಾನದ ವಾಕ್ಯದಿಂದ ಏಳೆಂಟು ಪದಗಳನ್ನು ಎತ್ತಿ, ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಲಿ. ಅದೇ ಪದಗಳು, ಅದೇ ಕಾಗುಣಿತದ ತಪ್ಪು ಐದಾರು ಕಡೆ ಸಿಕ್ಕರೆ ಅವೆಲ್ಲ ಒಂದೇ ಟ್ಯಾಂಕಿನ ನಲ್ಲಿಗಳು. ಆಮೇಲೆ ಯಾವುದು ಮೊದಲು ಬಂತೆಂದು ನೋಡಬೇಕು. ವಿಕಿಪೀಡಿಯವಾದರೆ ‘ಇತಿಹಾಸ’ ಒತ್ತಿದರೆ ಯಾವ ತಿದ್ದುಪಡಿ ಯಾವ ದಿನ ಆಯಿತೆಂಬುದು ಸಿಗುತ್ತದೆ. ಬೇರೆ ಪುಟಗಳ ದಿನಾಂಕವನ್ನು ಪೂರ್ತಿ ನಂಬುವಂತಿಲ್ಲ, ಹಳೇ ಲೇಖನಕ್ಕೆ ಹೊಸ ತಾರೀಖು ಅಂಟಿಸುವವರಿದ್ದಾರೆ. ಸೈಟು ಯಾರದೆಂದು ತಿಳಿಯಲು ಅದರದೇ ‘ನಮ್ಮ ಬಗ್ಗೆ’ ಪುಟ ಸಾಲದು. ಇನ್ನೊಂದು ಟ್ಯಾಬಿನಲ್ಲಿ, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಬೇಕು.

ಆಕರವನ್ನು ಹೆಸರಿಸಿ ಹೇಳುವುದಕ್ಕೆ ಕನ್ನಡದಲ್ಲಿ ಒಂದು ಹಳೆಯ ಮಾದರಿಯಿದೆ. 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ, ತನ್ನ ಆಕರ ವಸುಭಾಗಭಟ್ಟನ ಸಂಸ್ಕೃತ ಕೃತಿ ಎಂದು ಹೆಸರು ಹಿಡಿದು ಹೇಳಿದ್ದಾನೆ. ಎಲ್ಲರಿಗೂ ಗೊತ್ತಿದ್ದ ವಿಷ್ಣುಶರ್ಮನ ಹೆಸರು ಹಾಕಿ ಮುಗಿಸಬಹುದಿತ್ತು. ಹಾಗೆ ಮಾಡದೆ ಇದ್ದುದರಿಂದಲೇ ದೂರದ ಜಾವಾದ ತಂತ್ರಿ ಕತೆಗಳೂ ಪಂಚತಂತ್ರದ ಇದೇ ವಸುಭಾಗಭಟ್ಟನ ಕವಲಿಗೆ ಸೇರಿದವೆಂದು ಆಮೇಲಿನ ವಿದ್ವಾಂಸರು ಗುರುತಿಸಲು ದಾರಿ ಸಿಕ್ಕಿತು. ಆಕರ ಹೇಳುವುದು ಬರೀ ಮರ್ಯಾದೆಯ ಮಾತಲ್ಲ.

ಟಿಪ್ಪಣಿ ಪುಸ್ತಕದ ಹಾಳೆಗೆ ನಡುವೆ ಗೆರೆ ಎಳೆಸಿ. ಎಡಕ್ಕೆ ಪುಟದ ಮಾತು ಇದ್ದ ಹಾಗೇ, ಉದ್ಧರಣ ಚಿಹ್ನೆಯೊಳಗೆ. ಬಲಕ್ಕೆ ಪರದೆ ಮುಚ್ಚಿ, ನೆನಪಿನಿಂದ ಬರೆದ ಸ್ವಂತ ವಾಕ್ಯ. ಪರದೆ ಎದುರಿಗಿದ್ದರೆ ಮಗು ‘ವಿಶಾಲ’ ಇದ್ದಲ್ಲಿ ‘ದೊಡ್ಡ’ ಹಾಕಿ ವಾಕ್ಯವನ್ನು ಹಾಗೇ ಇಳಿಸುತ್ತದೆ, ಅದೂ ನಕಲೇ. ಓದಲು ಶುರುಮಾಡುವ ಮೊದಲೇ ಹಾಳೆಯ ತಲೆಯಲ್ಲಿ ಬರೆದವರ ಹೆಸರು, ಲೇಖನದ ಶೀರ್ಷಿಕೆ, ಸೈಟಿನ ಹೆಸರು, ಪ್ರಕಟವಾದ ದಿನ, ಕೊಂಡಿ ಮತ್ತು ತಾನು ನೋಡಿದ ದಿನ ಬರಲಿ. ಆಮೇಲೆ ಬರೆದರಾಯಿತು ಎಂದು ಬಿಟ್ಟರೆ, ಇಪ್ಪತ್ತು ಟ್ಯಾಬು ತೆರೆದ ಮೇಲೆ ಯಾವುದು ಎಲ್ಲಿಯದೆಂದು ದೊಡ್ಡವರಿಗೂ ತಿಳಿಯುವುದಿಲ್ಲ. ನೋಡಿದ ದಿನ ಯಾಕೆಂದರೆ ಪುಟಗಳು ಬದಲಾಗುತ್ತವೆ, ಮಾಯವೂ ಆಗುತ್ತವೆ. ಸತ್ತ ಕೊಂಡಿಯ ಹಳೆಯ ಪ್ರತಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಎಷ್ಟೋ ಸಲ ಸಿಗುತ್ತದೆ.

ಚಿತ್ರಕ್ಕೂ ಇದೇ ಲೆಕ್ಕ. ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನ ಫೋಟೊ ಆದರೆ ತೆಗೆದವರ ಹೆಸರು, ಬಳಕೆಯ ಪರವಾನಗಿಯ ಹೆಸರು ಎರಡೂ ಚಿತ್ರದ ಕೆಳಗೇ ಬರಲಿ. ಚಾಟ್‌ಜಿಪಿಟಿಯಂಥವು ಕೊಡುವ ಆಕರಗಳ ಪಟ್ಟಿಯಲ್ಲಿ ಇಲ್ಲದ ಪುಸ್ತಕ, ಇಲ್ಲದ ಲೇಖನಗಳೂ ಇರಬಹುದು. ಒಂದೊಂದನ್ನೂ ತೆರೆದು ನೋಡಿದ್ದರೆ ಮಾತ್ರ ಅದು ಹಾಳೆಯ ತಲೆಗೆ ಏರಲಿ.