ಖಾತೆ ಅಣ್ಣನದು, ಮಾತು ಮಗಳ ಹತ್ತಿರ

2010ರ ಸುಮಾರಿಗೆ ನಾನು ಮುಂಬೈಯ ಮಾಟುಂಗಾದ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ಒಂದು ಮಧ್ಯಾಹ್ನ ಒಬ್ಬರು ಮಗಳ ತೋಳು ಹಿಡಿದು ಬಂದರು. ಪಕ್ಕದ ಬೀದಿಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತೈದು ವರ್ಷ ಕೂತವರು. ಮಾಣಿಗಳಿಗೂ ಗಿರಾಕಿಗಳಿಗೂ ಅವರು ಅಣ್ಣ. ಗ್ಲಾಕೋಮಾದಿಂದ ನಿಧಾನಕ್ಕೆ ದೃಷ್ಟಿ ಹೋಗಿತ್ತು. ಚೆಕ್ ಬುಕ್ ಮುಗಿದಿತ್ತು, ಹೊಸದು ಬೇಕಿತ್ತು. ಅಷ್ಟೇ.

ನಾನು ಮಗಳ ಕಡೆ ತಿರುಗಿ ಹೇಳಿದೆ. "ಖಾತೆಯನ್ನು ಜಾಯಿಂಟ್ ಮಾಡಿಬಿಡಿ ಅಮ್ಮಾ. ನಾಳೆ ಯಾರಾದರೂ ಮೋಸ ಮಾಡಿದರೆ? ಅಪ್ಪನ ಒಳ್ಳೆಯದಕ್ಕೇ ಹೇಳ್ತಿದ್ದೇನೆ."

ಅಣ್ಣ ನಕ್ಕರು. "ಎಂತ ಮಾರಾಯ್ರೇ, ಖಾತೆ ನನ್ನದು, ಮಾತು ಅವಳ ಹತ್ತಿರವಾ?"

ಅವರನ್ನು ಬರಿಗೈಯಲ್ಲಿ ಕಳಿಸಿದೆ. ಸಂಜೆ ಯಾಕೋ ಮನಸ್ಸು ಕಸಿವಿಸಿಯಾಗಿ ಫೈಲು ತೆಗೆದೆ. ರಿಸರ್ವ್ ಬ್ಯಾಂಕಿನ ಸುತ್ತೋಲೆ 2008ರ ಜೂನ್‌ನಲ್ಲೇ ಬಂದು ಅಲ್ಲಿ ಮಲಗಿತ್ತು. ದೃಷ್ಟಿ ಇಲ್ಲದವರಿಗೂ ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್ ಎಲ್ಲವನ್ನೂ ಭೇದವಿಲ್ಲದೆ ಕೊಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಬೇರೆಯವರ ಹೆಸರಿಗೆ ಬರೆಯುವ ಚೆಕ್ಕೂ ಸೇರಿ. ಕಣ್ಣು ಕಾಣದವರು ಕರಾರು ಮಾಡಿಕೊಳ್ಳಲು ಕಾನೂನಿನ ಪ್ರಕಾರ ಅರ್ಹರು, ಅಪಾಯದ ನೆಪ ಹೇಳಿ ಸೌಲಭ್ಯ ತಪ್ಪಿಸುವಂತಿಲ್ಲ ಎಂದು ಅಂಗವಿಕಲರ ಮುಖ್ಯ ಆಯುಕ್ತರು 2005ರಲ್ಲೇ ಆದೇಶ ಕೊಟ್ಟಿದ್ದರು. ಸುತ್ತೋಲೆಗೆ ಅದೇ ಬುನಾದಿ. ಮರುದಿನ ನಾನೇ ಹೋಟೆಲಿಗೆ ಹೋಗಿ ಅಣ್ಣನಿಗೆ ಚೆಕ್ ಬುಕ್ಕಿನ ಅರ್ಜಿ ಓದಿ ಹೇಳಿದೆ. ಕಾಫಿಗೆ ದುಡ್ಡು ತಗೊಳ್ಳಲಿಲ್ಲ ಅವರು. ಅದು ಇನ್ನೂ ಚುಚ್ಚುತ್ತದೆ.

ಈಗ ನಿವೃತ್ತನಾಗಿ ಡೊಂಬಿವಲಿಯಲ್ಲಿದ್ದೇನೆ. ಇಂಥ ದೂರು ಹಿಡಿದು ಬರುವ ಕನ್ನಡದವರಿಗೆ ಅರ್ಜಿ ಬರೆದುಕೊಡುತ್ತೇನೆ. ಕಾನೂನು ಇನ್ನೂ ಗಟ್ಟಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ತಮ್ಮ ಹಣದ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಹಕ್ಕು ಕೊಡುತ್ತದೆ. ಆದರೂ ಕೌಂಟರಿನಲ್ಲಿ ಅದೇ ಹಳೇ ಮಾತು. ಒಟಿಪಿ ಹೇಳಿ ಲಕ್ಷ ಕಳೆದುಕೊಂಡ ಕಣ್ಣಿದ್ದವರ ಚೆಕ್ ಬುಕ್ಕನ್ನು ಯಾರಾದರೂ ಕಿತ್ತುಕೊಳ್ಳುತ್ತಾರಾ? ಇಲ್ಲ ಅಲ್ವಾ. ಇನ್ನೊಂದು ಮಾತು ಶಾಖೆಯಲ್ಲಿ ಕೂತವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಎಷ್ಟೋ ಸಲ ಹಣ ಎಳೆಯುವವರು ಮನೆಯವರೇ. ಜಾಯಿಂಟ್ ಖಾತೆ ಅವರ ಕೈಗೇ ಕೀಲಿ ಕೊಟ್ಟಂತೆ.

ನಗದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ನೋಟುಗಳಿದ್ದಾಗ ಅಣ್ಣನಿಗೆ ಅಳತೆಯೇ ಗುರುತು. ನೂರರ ನೋಟು 157 ಮಿಲಿಮೀಟರ್ ಉದ್ದ, ಐನೂರರದು 167, ಸಾವಿರದ್ದು 177. ಬೆರಳ ಸಂದಿಯಲ್ಲಿ ಇಟ್ಟರೆ ತಿಳಿಯುತ್ತಿತ್ತು. 2016ರ ನಂತರದ ಸರಣಿಯಲ್ಲಿ ನೂರು 142, ಇನ್ನೂರು 146, ಐನೂರು 150. ಒಂದಕ್ಕೊಂದು ನಾಲ್ಕೇ ಮಿಲಿಮೀಟರ್ ವ್ಯತ್ಯಾಸ. ಬೆರಳಿಗಾಗಿ ಮುಂಭಾಗದಲ್ಲಿ ಉಬ್ಬು ಗುರುತುಗಳಿವೆ. ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ. ಅಂಚಿನಲ್ಲಿ ಓರೆ ಗೆರೆಗಳೂ ಇವೆ. ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಗರಿಗರಿ ನೋಟಿನಲ್ಲಿ ಚೆನ್ನಾಗಿ ಸಿಗುತ್ತವೆ. ಮೀನು ಮಾರ್ಕೆಟ್ಟಿನಲ್ಲಿ ಎರಡು ಮಳೆಗಾಲ ಕಂಡ ನೋಟಿನಲ್ಲಿ ಹುಡುಕಿ ನೋಡಿ! ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು 'ಮಣಿ' ಎಂಬ ಉಚಿತ ಆ್ಯಪ್ ತಂದಿತು. ಫೋನಿನ ಕ್ಯಾಮೆರಾಕ್ಕೆ ನೋಟು ಹಿಡಿದರೆ ಎಷ್ಟರದೆಂದು ಹೇಳುತ್ತದೆ, ಇಂಟರ್ನೆಟ್ ಬೇಕಿಲ್ಲ. ಅಸಲಿಯೋ ನಕಲಿಯೋ ಮಾತ್ರ ಹೇಳುವುದಿಲ್ಲ. ಕ್ಯೂನಲ್ಲಿ ನಿಂತು ಒಂದೊಂದೇ ನೋಟು ಹಿಡಿಯಲು ಯಾರಿಗೆ ಪುರುಸೊತ್ತು? ಅದಕ್ಕೆ ಕ್ಯಾಷಿಯರ್ ಮಾಡಬೇಕಾದದ್ದು ಬಹಳ ಸುಲಭ. ಐನೂರರವು ಬೇರೆ, ನೂರರವು ಬೇರೆ, ಒಂದೊಂದೇ ಕಟ್ಟನ್ನು ಕೈಗೆ ಕೊಟ್ಟು, ಹತ್ತಿರ ಬಾಗಿ ಮೆಲ್ಲಗೆ ಲೆಕ್ಕ ಹೇಳಿ. ಹಾಲ್ ತುಂಬ ಕೇಳುವ ಹಾಗೆ "ನಲವತ್ತು ಸಾವಿರ ಕೊಟ್ಟಿದ್ದೇನೆ ಕಾಕಾ" ಎಂದು ಕೂಗಬೇಡಿ. ಗೇಟಿನ ಹೊರಗೂ ಕಿವಿಗಳಿರುತ್ತವೆ.

ಸಹಿ ವ್ಯತ್ಯಾಸವಾಯಿತು ಎಂದು ಚೆಕ್ ವಾಪಸ್ ಬರುವುದು ಇನ್ನೊಂದು ಗೋಳು. ದೃಷ್ಟಿ ಹೋದ ಮೇಲೆ ಸಹಿ ಗೆರೆ ಬಿಟ್ಟು ಹತ್ತುತ್ತದೆ, ಇಳಿಯುತ್ತದೆ. ಹಳೇ ಪ್ಲಾಸ್ಟಿಕ್ ಕಾರ್ಡೊಂದರಲ್ಲಿ ಸಹಿಯಷ್ಟು ಅಗಲದ ಕಿಟಕಿ ಕತ್ತರಿಸಿ ಚೆಕ್ಕಿನ ಮೇಲೆ ಇಟ್ಟುಕೊಳ್ಳಿ, ಪೆನ್ನು ಅದರೊಳಗೇ ಓಡುತ್ತದೆ. ಹಾಗೆ ಮಾಡಿದ ಹೊಸ ಸಹಿಯನ್ನೇ ಬ್ಯಾಂಕಿನಲ್ಲಿ ಮಾದರಿಯಾಗಿ ಕೊಟ್ಟುಬಿಡಿ. ಅಣ್ಣನ ಕಿಟಕಿ ಹೋಟೆಲಿನ ಹಳೇ ಐಡಿ ಕಾರ್ಡಿನದು.

ಎಟಿಎಂ ಬಗ್ಗೆ ಜಾಸ್ತಿ ಹೇಳಲ್ಲ. 2014ರ ಜುಲೈ 1ರಿಂದ ಹೊಸದಾಗಿ ಹಾಕುವ ಎಲ್ಲ ಎಟಿಎಂಗಳೂ ಮಾತಾಡಬೇಕು, ಬ್ರೈಲ್ ಕೀಲಿಗಳಿರಬೇಕು. ಇಯರ್‌ಫೋನ್ ಸಿಕ್ಕಿಸಿದರೆ ದನಿ ಬರಬೇಕು. ನಾನು ಸ್ಟೇಷನ್ ಪಕ್ಕದ ಒಂದು ಯಂತ್ರದಲ್ಲಿ ನೋಡಿದೆ, ತೂತಿನಲ್ಲಿ ಯಾರೋ ಚೂಯಿಂಗ್ ಗಮ್ ತುರುಕಿದ್ದರು. ಕಾವಲುಗಾರನಿಗೆ ಆ ತೂತು ಯಾಕಿದೆ ಎಂದೇ ಗೊತ್ತಿರಲಿಲ್ಲ.

ಫೋನಿನೊಳಗಿನ ಬ್ಯಾಂಕ್ ಇದಕ್ಕಿಂತ ಕಷ್ಟ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಟನ್ನಿನ ಹೆಸರು ಓದಬೇಕು. ಆ್ಯಪ್ ಮಾಡಿದವರು ಹೆಸರೇ ಕೊಡದಿದ್ದರೆ ಸುಮ್ನೆ "ಬಟನ್, ಬಟನ್" ಎನ್ನುತ್ತದೆ. ಒಟಿಪಿ ಓದಿಸಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಲೋಕಲ್ ರೈಲಿನಲ್ಲಿ ಇಯರ್‌ಫೋನ್ ಇಲ್ಲದಿದ್ದರೆ ಡಬ್ಬಿಯವರೆಲ್ಲ ಆ ಒಟಿಪಿ ಕೇಳಿರುತ್ತಾರೆ. ಗಿರಾಕಿಯ ಗುರುತು ಖಚಿತ ಮಾಡಿಕೊಳ್ಳುವ ಕೆವೈಸಿಯಂತೂ ಬೇಡ. ಮುಖವನ್ನು ವೃತ್ತದೊಳಗೆ ಇಡಿ, ಕಣ್ಣು ಮಿಟುಕಿಸಿ ಎನ್ನುತ್ತದೆ. ಕಾಣದ ವೃತ್ತದೊಳಗೆ ಮುಖ ಇಡುವುದು ಹೇಗೆ? ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಸಿಡ್ ದಾಳಿಗೆ ಒಳಗಾದವರೂ ದೃಷ್ಟಿ ಇಲ್ಲದ ವಕೀಲರೊಬ್ಬರೂ ಹಾಕಿದ್ದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು ಕೋರ್ಟು. ಆ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಕೆವೈಸಿ ನಿಯಮ ತಿದ್ದಿತು. ಇಂಥ ಪರೀಕ್ಷೆಯಿಂದ ವಿಶೇಷ ಅಗತ್ಯ ಇರುವವರು ಹೊರಗೆ ಉಳಿಯಬಾರದು ಎಂದು ಬರೆಯಿತು. ಹಾಗಾಗಿ ಆ್ಯಪ್ ಒಪ್ಪದಿದ್ದರೆ ಶಾಖೆಗೆ ಹೋಗಿ, ಬೇರೆ ದಾರಿ ಕೇಳಿ.

ಕೌಂಟರಿನಲ್ಲಿ "ಆಗಲ್ಲ" ಅಂದರೆ ಜಗಳ ಬೇಡ. ನಮ್ಮ ಮುಂಬೈಯಲ್ಲಿ ಮರಾಠಿಯ ಎರಡೇ ಪದ ಸಾಕು. "ಲಿಹೂನ್ ದ್ಯಾ." ಬರೆದುಕೊಡಿ. ಯಾವ ನಿಯಮದ ಪ್ರಕಾರ ಆಗುವುದಿಲ್ಲ ಎಂದು ಸಹಿ, ಸೀಲು ಹಾಕಿ ಕೊಡಿ. ಮೂವತ್ತು ವರ್ಷ ಆ ಕಡೆ ಕೂತವನಾಗಿ ಹೇಳುತ್ತೇನೆ, ಬರೆದುಕೊಡುವ ಧೈರ್ಯ ನಮಗಿರುವುದಿಲ್ಲ. ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬರುತ್ತೇವೆ, ಕೆಲಸ ಆಗುತ್ತದೆ. ಆಗದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೆ ಫೀಸಿಲ್ಲ.

ಕಳೆದ ತಿಂಗಳು ಅಣ್ಣನ ಜೊತೆ ಹಳೇ ಶಾಖೆಗೆ ಹೋಗಿದ್ದೆ. ಮಗಳು ಅಪ್ಪನನ್ನು ಬಾಗಿಲಲ್ಲಿ ಬಿಟ್ಟು ಹೂವಿನ ಅಂಗಡಿಗೆ ಹೋದಳು. ಒಳಗೆ ಬರುವ ಅಭ್ಯಾಸವನ್ನೇ ಅವಳು ಬಿಟ್ಟಿದ್ದಾಳೆ. ಕೌಂಟರಿನ ಹುಡುಗಿ ಅಣ್ಣನ ಕೈಗೇ ನೋಟು ಕೊಟ್ಟಳು. ಅವರು ಐನೂರರವನ್ನು ಉದ್ದಕ್ಕೆ, ಇನ್ನೂರರವನ್ನು ಅಡ್ಡಕ್ಕೆ ಮಡಚಿ, ನೂರರವನ್ನು ಹಾಗೇ ಜೇಬಿಗಿಟ್ಟರು.

ಮಗಳು ಮಲ್ಲಿಗೆ ಹಿಡಿದು ಬಂದಾಗ ನಾವಿನ್ನೂ ಅಲ್ಲೇ ನಿಂತಿದ್ದೆವು.

"ಆಗಲಿಲ್ವಾ ಅಪ್ಪ?"

"ದುಡ್ಡು ಸಿಕ್ಕಿತು ಮಗಾ. ಪಾಸ್‌ಬುಕ್ ಪ್ರಿಂಟರ್ ಹಾಳಾಗಿದೆಯಂತೆ. ಎಲ್ಲರೂ ನಾಳೆ ಬರಬೇಕಂತೆ."