ಮೈಲೇಜ್ ಬಿತ್ತೆಂದು ನೋಜಲ್ ಬಿಚ್ಚುವ ಮೊದಲು

ಕಟಪಾಡಿ ಕಡೆಯ ಮಾಷ್ಟ್ರೊಬ್ಬರು ಮಳೆಗಾಲ ಶುರುವಾಗುವ ಮುಂಚೆ ಉಡುಪಿಯ ನಮ್ಮ ಗ್ಯಾರೇಜಿಗೆ ಬಂದರು. ಕೈಯಲ್ಲಿ ಬೇರೆ ಕಡೆ ಬರೆಸಿಕೊಂಡ ಎಸ್ಟಿಮೇಟ್ ಇತ್ತು. ನೋಜಲ್ ಮೂಲಕ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಸರ್ವಿಸ್ ಮಾಡಬೇಕಂತೆ, ಎರಡು ಹೊಸದೇ ಹಾಕಬೇಕಂತೆ. "ಎಂತ ಮಾಡುವುದು ಮಾರಾಯ್ರೆ, 20 ಕೊಡ್ತಿದ್ದ ಗಾಡಿ ಈಗ 15 ಕೊಡುವುದೇ ಕಷ್ಟ ಉಂಟು. ಮಾಡಿಸಿಬಿಡುವುದಾ?" ಎಂದು ಕೇಳಿದರು.

ದಿನಾ ಮಂಗಳೂರಿಗೆ ಹೋಗಿ ಬರುವವರು, ಸುಮಾರು 90 ಕಿಮೀ. 20ರ ಲೆಕ್ಕದಲ್ಲಿ ನಾಲ್ಕೂವರೆ ಲೀಟರ್, 15ರ ಲೆಕ್ಕದಲ್ಲಿ ಆರು. ತಿಂಗಳಿಗೆ 25 ದಿನ ಓಡಿಸಿದರೆ 37 ಲೀಟರ್‌ಗಿಂತ ಜಾಸ್ತಿ ಡೀಸೆಲ್ ಸುಮ್ನೆ ಹೋಗುತ್ತದೆ. ಅವರ ಸಂಕಟ ನ್ಯಾಯವಾದದ್ದೇ.

ಎಸ್ಟಿಮೇಟ್ ಮಡಚಿ ಅವರಿಗೇ ಕೊಟ್ಟೆ. ಮೊದಲು ಕೇಳಿದ್ದು, ಈ 15 ಎಲ್ಲಿಂದ ಬಂತು ಎಂದು. ಮೀಟರ್ ಡಿಸ್‌ಪ್ಲೇ ನೋಡಿ ಹೇಳುವವರೇ ಜಾಸ್ತಿ. ಅದು ಅಂದಾಜು ಮಾತ್ರ. ಟ್ಯಾಂಕ್ ತುಂಬಿಸಿ, ಪಂಪಿನ ಗನ್ ತಾನಾಗಿ ನಿಂತ ಕೂಡಲೇ ಸಾಕು ಅನ್ನಬೇಕು. ಕಿಮೀ ಬರೆದಿಡಬೇಕು. 400 ಕಿಮೀ ಆದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ ಭಾಗಿಸಬೇಕು. ಒಂದು ಸಲದ ಲೆಕ್ಕ ನಾನು ನಂಬುವುದಿಲ್ಲ, ಎರಡು ಮೂರು ಸಲ ಆಗಬೇಕು. ದೊಡ್ಡ ಸೈಜಿನ ಟಯರ್ ಹಾಕಿಸಿಕೊಂಡು ಮೈಲೇಜ್ ಬಿತ್ತು ಅನ್ನುವವರೂ ಇದ್ದಾರೆ. ಟಯರ್ ದೊಡ್ಡದಾದರೆ ಗಾಡಿ ನಿಜವಾಗಿ ಓಡಿದ್ದಕ್ಕಿಂತ ಮೀಟರ್ ಕಡಿಮೆ ತೋರಿಸುತ್ತದೆ. ಡೀಸೆಲ್ ಅಷ್ಟೇ ಹೋಗಿರುತ್ತದೆ, ಕಿಮೀ ಮಾತ್ರ ಕಾಣೆ.

ನಮ್ಮ ಮಾಷ್ಟ್ರು ಗಣಿತದವರು. ಪುಸ್ತಕದಲ್ಲಿ ಬರೆದಿಟ್ಟಿದ್ದರು. ಹಾಗಾಗಿ ಎರಡನೇ ಪ್ರಶ್ನೆಗೆ ಬಂದೆ. ಯಾವಾಗಿನಿಂದ ಹೀಗೆ?

ಇದು ನನಗೆ ಸ್ಕ್ಯಾನರ್‌ಗಿಂತ ಮುಖ್ಯ. ಆರೇಳು ತಿಂಗಳಲ್ಲಿ ಮೆಲ್ಲ ಮೆಲ್ಲ ಇಳಿದಿದ್ದರೆ ಏರ್ ಫಿಲ್ಟರ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಬಿಡುವ ಇಜಿಆರ್ ವಾಲ್ವಿನ ಮಸಿ, ಸವೆದ ಇಂಜೆಕ್ಟರ್ ಅಂತ ಹುಡುಕಬಹುದು. ಒಂದು ವಾರದಿಂದ ಇನ್ನೊಂದು ವಾರಕ್ಕೆ ದಡಕ್ಕನೆ ಬಿದ್ದಿದ್ದರೆ, ನಡುವೆ ಏನೋ ಒಡೆದಿರಬೇಕು, ಇಲ್ಲವೇ ಯಾರೋ ಕೈ ಹಾಕಿರಬೇಕು. ಮಾಷ್ಟ್ರು ಪುಟ ತಿರುಗಿಸಿದರು. ಫೆಬ್ರವರಿವರೆಗೆ ಎಲ್ಲ ಸರಿ ಇತ್ತು. "ಆಗ ಶಿರಾಡಿ ಘಾಟಿಯಲ್ಲಿ ಗಾಡಿ ಹೀಟ್ ಆಗಿತ್ತು. ದಾರಿ ಬದಿಯಲ್ಲಿ ಒಬ್ಬರು ಸರಿ ಮಾಡಿಕೊಟ್ಟರು. ಮತ್ತೆ ಹೀಟ್ ಆಗಲೇ ಇಲ್ಲ, ಅಣ್ಣ."

ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು.

ಸ್ಕ್ಯಾನರ್ ಸಿಕ್ಕಿಸಿ ಕಾಪುವರೆಗೆ ಹೋಗಿ ಬಂದೆವು. ಇಪ್ಪತ್ತೈದು ಕಿಮೀ ಓಡಿಸಿದರೂ ಎಂಜಿನ್ ತಣಿಸುವ ನೀರು, ಅಂದರೆ ಕೂಲೆಂಟಿನ ಬಿಸಿ 62 ಡಿಗ್ರಿ ದಾಟಲಿಲ್ಲ. ಸಾಮಾನ್ಯವಾಗಿ 85ರಿಂದ 90ರ ಆಸುಪಾಸು ನಿಲ್ಲಬೇಕಾದದ್ದು. ಬಿಚ್ಚಿ ನೋಡಿದರೆ ಆ ಬಿಸಿಯನ್ನು ಹದದಲ್ಲಿಡುವ ವಾಲ್ವ್, ಥರ್ಮೋಸ್ಟಾಟ್, ಇರಬೇಕಾದ ಜಾಗ ಖಾಲಿ. ಇದು ನಮ್ಮ ಕಡೆ ಹಳೇ ಚಾಳಿ. ಗಾಡಿ ಹೀಟ್ ಆದರೆ ಆ ವಾಲ್ವನ್ನೇ ಕಿತ್ತು ಬಿಸಾಡಿ, ನೀರು ಸದಾ ರೇಡಿಯೇಟರಿಗೆ ಹರಿಯುವ ಹಾಗೆ ಮಾಡಿಬಿಡುತ್ತಾರೆ. ಘಾಟಿಯ ನಡುವೆ ಮನೆ ತಲುಪಲು ಅಂತ ಮಾಡಿದ್ದರೆ ಒಪ್ಪಿಕೊಳ್ಳೋಣ. ಮನೆ ಸೇರಿದ ಮೇಲೆ ಹೊಸದು ಹಾಕಿಸಿ ಅಂತ ಒಂದು ಮಾತು ಹೇಳಬೇಕಿತ್ತು, ಅಲ್ವಾ?

"ಈ ಸೆಕೆಯಲ್ಲಿ ಎಂಜಿನ್‌ಗೆ ಚಳಿಯಾ?" ಎಂದು ಮಾಷ್ಟ್ರು ನಕ್ಕರು. ಹೌದು, ಚಳಿಯೇ. ಮೇ ತಿಂಗಳ 35 ಡಿಗ್ರಿ ನಮಗೆ ಸೆಕೆ, 90 ಡಿಗ್ರಿಯಲ್ಲಿ ಕೆಲಸ ಮಾಡುವ ಯಂತ್ರಕ್ಕಲ್ಲ. ಥರ್ಮೋಸ್ಟಾಟ್ ಇದ್ದರೆ ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ದಾರಿ ಮುಚ್ಚಿರುತ್ತದೆ, 82–88 ಡಿಗ್ರಿ ಹೊತ್ತಿಗೆ ತೆರೆಯುತ್ತದೆ. ಅದಿಲ್ಲದಿದ್ದರೆ ಹೈವೇ ಗಾಳಿಗೆ ಎಂಜಿನ್ ತಣ್ಣಗೇ ಉಳಿಯುತ್ತದೆ. ಆಗ ಎಂಜಿನ್ ನಡೆಸುವ ಕಂಪ್ಯೂಟರ್, ಇಸಿಯು, ಅದನ್ನು ಈಗಷ್ಟೇ ಸ್ಟಾರ್ಟ್ ಆದ ಗಾಡಿ ಎಂದು ತಿಳಿದು ಡೀಸೆಲ್ ಸ್ವಲ್ಪ ಜಾಸ್ತಿ ಬಿಡುತ್ತದೆ. ಆಯಿಲ್ ದಪ್ಪಗಿರುವುದರಿಂದ ತಿಕ್ಕಾಟವೂ ಜಾಸ್ತಿ. ಸುಟ್ಟ ಡೀಸೆಲ್ಲಿನ ಶಾಖ ಗಾಡಿ ಎಳೆಯುವ ಬದಲು ನೀರಿಗೆ ಹೋಗುತ್ತದೆ. ಮೋಸ ಏನೆಂದರೆ ಎಂಜಿನ್ ಲೈಟ್ ಎಲ್ಲ ಗಾಡಿಯಲ್ಲೂ ಬರುವುದಿಲ್ಲ. ಪಿಕಪ್ ಚೆನ್ನಾಗಿಯೇ ಇರುತ್ತದೆ. ಹೀಟ್ ಆಗುವುದಿಲ್ಲ ಅಂತ ಓನರಿಗೆ ಖುಷಿ ಬೇರೆ. ಹೀಟ್ ಮೀಟರ್ ಇರುವ ಗಾಡಿಯಾದರೆ, ಹತ್ತು ಹದಿನೈದು ಕಿಮೀ ಓಡಿದ ಮೇಲೂ ಮುಳ್ಳು ಎಂದಿನ ಜಾಗಕ್ಕೆ ಬರದಿದ್ದರೆ ಅನುಮಾನ ಪಡಿ. ವಾಲ್ವ್ ಇದ್ದೂ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೂ ಇದೇ ಕಥೆ.

ಹಾಗಾದರೆ ಇಂಜೆಕ್ಟರ್ ತಪ್ಪೇ ಇರುವುದಿಲ್ಲವೇ? ಇರುತ್ತದೆ. ಆದರೆ ಅದರ ಹೆಸರಲ್ಲಿ ಒಂದು ಗೊಂದಲ ಉಂಟು. ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ನಾಲ್ಕು ಪುಟ್ಟ ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಒಂದರಲ್ಲಿ ಜಾಸ್ತಿ ತುಂಬಿದರೆ "ನೋಡಿ, ಡೀಸೆಲ್ ಇಲ್ಲಿ ಹೋಗ್ತಾ ಉಂಟು" ಎಂದು ತೋರಿಸುತ್ತಾರೆ. ಆ ಡೀಸೆಲ್ ಸುಟ್ಟು ಹೋಗುವುದಿಲ್ಲ, ಟ್ಯಾಂಕಿಗೇ ವಾಪಸ್ ಹೋಗುತ್ತದೆ. ರಿಟರ್ನ್ ತುಂಬಾ ಜಾಸ್ತಿಯಾದರೆ ಸ್ಟಾರ್ಟಿಂಗ್ ತೊಂದರೆ ಬರುತ್ತದೆ. ಮೈಲೇಜ್ ತಿನ್ನುವುದು ಬೇರೆ ರೋಗ. ನೋಜಲ್ ತುದಿ ಸಣ್ಣಗೆ ಸಿಂಪಡಿಸುವ ಬದಲು ತೊಟ್ಟಿಕ್ಕುವುದು. ಹಾಗಾದರೆ ಹೊಗೆ, ಬಡಿತ, ಐಡ್ಲಿಂಗಿನಲ್ಲಿ ನಡುಕ ಏನಾದರೂ ಜೊತೆಗೆ ಇರುತ್ತದೆ. ಒಂದೂ ಇಲ್ಲದೆ ಬರೀ ಮೈಲೇಜ್ ಬಿದ್ದಿದ್ದರೆ ನಾನು ಇಂಜೆಕ್ಟರ್ ಮುಟ್ಟುವುದು ಕೊನೆಗೆ.

ಮಣಿಪಾಲದ ಏರು ಹತ್ತುವಾಗ ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡು, ಪಿಕಪ್ಪೂ ಕಡಿಮೆ ಅನ್ನಿಸಿದರೆ ಮೊದಲು ಟರ್ಬೊದ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಇಂಟರ್‌ಕೂಲರ್ ಪೈಪ್ ನೋಡಬೇಕು. ಬಿರುಕು ಇದ್ದಲ್ಲಿ ಆಯಿಲ್ ಜಿಡ್ಡು ಅಂಟಿರುತ್ತದೆ. ಟರ್ಬೊ ಒತ್ತಿದ ಗಾಳಿ ಅಲ್ಲೇ ಹೊರಗೆ ಹೋಗುತ್ತದೆ. ನಿಂತಾಗ ಏನೂ ಕಾಣದು, ಲೋಡ್ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ.

ನಮ್ಮ ಕರಾವಳಿಯದ್ದೇ ಆದ ರೋಗ ಇನ್ನೊಂದು, ಕಾಲು ತೆಗೆದರೂ ಬ್ರೇಕ್ ಹಿಡಿದುಕೊಂಡೇ ಇರುವುದು. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಇದು ಚೆನ್ನಾಗಿ ಗೊತ್ತು. ಉಪ್ಪು ಗಾಳಿ, ಜೊತೆಗೆ ನಾಲ್ಕು ತಿಂಗಳ ಮಳೆ. ಬ್ರೇಕ್ ಸರಿದಾಡುವ ಕ್ಯಾಲಿಪರ್ ಪಿನ್ ತುಕ್ಕು ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೇ ಬಿಗಿಯಾಗುತ್ತದೆ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಆದಷ್ಟು ಬ್ರೇಕ್ ಒತ್ತದೆ ಹತ್ತು ಕಿಮೀ ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಒಲೆಯ ಹಾಗೆ ಬಿಸಿ ಇದ್ದರೆ ಕಳ್ಳ ಸಿಕ್ಕಿದ. ಮಳೆಗಾಲದಲ್ಲಿ ಎರಡು ಮೂರು ದಿನ ಗಾಡಿ ತೆಗೆಯುವುದಿಲ್ಲ ಎಂದಾದರೆ, ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಯವರಿಗೆ ಬೇರೆ ಮಾತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತುಂಬಿದಾಗ, ಗಾಡಿ ತಾನೇ ಹೆಚ್ಚು ಡೀಸೆಲ್ ಸುರಿದು ಸುಮಾರು 600 ಡಿಗ್ರಿ ಶಾಖದಲ್ಲಿ ಆ ಮಸಿ ಸುಡುತ್ತದೆ. ಮನೆಯಿಂದ ಆಸ್ಪತ್ರೆಗೆ ನಾಲ್ಕು ಕಿಮೀ, ವಾಪಸ್ ನಾಲ್ಕು ಕಿಮೀ ಓಡಿಸುವ ಡಾಕ್ಟರಮ್ಮ ಒಬ್ಬರ ಗಾಡಿಯಲ್ಲಿ ಈ ಸುಡುವ ಕೆಲಸ ಮುಗಿಯುವುದೇ ಇಲ್ಲ. ನಡುವೆ ಆಫ್, ಮತ್ತೆ ಮೊದಲಿನಿಂದ ಶುರು. ಡೀಸೆಲ್ ಎಂಜಿನ್ ಆಯಿಲ್‌ಗೂ ಸೇರಿ, ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿತ್ತು. ಆಯಿಲ್ ಬದಲಿಸಿಕೊಟ್ಟು, ವಾರಕ್ಕೊಮ್ಮೆ ಕುಂದಾಪುರ ಕಡೆಗೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ ಎಂದೆ. ನಿಜ ಹೇಳಬೇಕೆಂದರೆ ಅಷ್ಟು ಸಣ್ಣ ಓಡಾಟಕ್ಕೆ ಡೀಸೆಲ್ ಗಾಡಿ ತೆಗೆದುಕೊಳ್ಳಲೇಬಾರದಿತ್ತು. ಅದನ್ನೂ ಹೇಳಿದೆ, ಅವರಿಗೆ ಇಷ್ಟವಾಗಲಿಲ್ಲ.

ಮಾಷ್ಟ್ರ ಗಾಡಿಗೆ ಹೊಸ ಥರ್ಮೋಸ್ಟಾಟ್, ಹೊಸ ಕೂಲೆಂಟ್ ಹಾಕಿದೆವು. ಇಂಜೆಕ್ಟರಿಗೆ ಕೇಳಿದ ದುಡ್ಡಿನ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಘಾಟಿಯಲ್ಲಿ ಹೀಟ್ ಆದದ್ದೇಕೆ ಎಂದೂ ನೋಡಬೇಕಿತ್ತು. ರೇಡಿಯೇಟರ್ ಮುಂದೆ ಕಸ ಕಟ್ಟಿತ್ತು, ತೊಳೆದೆವು. ಮೂರು ಟ್ಯಾಂಕ್ ಮುಗಿಸಿ ಫೋನ್ ಮಾಡಿದರು.

"19.2 ಬಂತು. ಉಳಿದ ಪಾಯಿಂಟ್ ಎಂಟು ಎಲ್ಲಿ ಹೋಯಿತು, ಅಣ್ಣ?"

ಟಯರಿಗೆ ಗಾಳಿ ನೋಡಿ ಎಷ್ಟು ದಿನ ಆಯಿತು ಎಂದು ಕೇಳಿದೆ. ಅದನ್ನು ಮಾತ್ರ ಪುಸ್ತಕದಲ್ಲಿ ಬರೆದಿರಲಿಲ್ಲ.